ವಲಸೆ ಕಾರ್ಮಿಕರ ಹೆಸರಲ್ಲಿ ಕರೆಯೋ ಕಮ್ಯುನಿಕೇಶನ್ ಇಂಟರ್ನ್‌ಶಿಪ್‌ಗೆ ಸೇರೋ ಮುಂಚೆ ಇದನ್ನ ಓದಿ

ಮೊನ್ನೆ ನಮ್ಮ ಕಾಲೇಜ್ ಜೂನಿಯರ್ ಒಬ್ಳು ಒಂದು ಪೋಸ್ಟರ್ ಫಾರ್ವರ್ಡ್ ಮಾಡಿ "ಅಕ್ಕಾ ಇದು ಹೆಂಗೆ, ಅಪ್ಲೈ ಮಾಡ್ಲಾ" ಅಂತ ಕೇಳಿದ್ಳು. ತೆಗೆದು ನೋಡಿದ್ರೆ ನಾನು ಹೋದ ವರ್ಷ ಇದ್ದ ಅದೇ ಸಂಸ್ಥೆ, ಅದೇ ಹಳದಿ ಪೋಸ್ಟರ್, ಅದೇ ಆರು ತಿಂಗಳು, ಅದೇ ತಿಂಗಳಿಗೆ 8,000 ಸ್ಟೈಪೆಂಡ್. ಅವ್ಳಿಗೆ ವಾಯ್ಸ್ ನೋಟ್ ಹಾಕೋಕೆ ಹೋಗಿ ಹನ್ನೊಂದು ನಿಮಿಷ ಮಾತಾಡಿದೀನಿ ಅಂತ ಆಮೇಲೆ ನೋಡ್ಕೊಂಡೆ, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ ಕೂತಿದೀನಿ. ಸಂಸ್ಥೆ ಹೆಸರು ಹಾಕಲ್ಲ, ಕೇಳ್ಬೇಡಿ. ಅಲ್ಲಿ ಫೀಲ್ಡ್‌ನಲ್ಲಿ ಓಡಾಡೋ ಇಬ್ರು ನಿಜವಾಗ್ಲೂ ಒಳ್ಳೆಯವರು, ಅವ್ರ ಸಂಬಳಾನೇ ಸರಿಯಾಗಿ ಬರ್ತಿರ್ಲಿಲ್ಲ, ಅವ್ರ ಹೊಟ್ಟೆ ಮೇಲೆ ಹೊಡೆಯೋಕೆ ನಂಗಿಷ್ಟ ಇಲ್ಲ.

ನಾನ್ಯಾಕೆ ಸೇರಿದೆ ಅಂದ್ರೆ, 2020ರ ಮೇನಲ್ಲಿ, ಲಾಕ್‌ಡೌನ್ ಟೈಮಲ್ಲಿ, ನಾನಿನ್ನೂ ಸ್ಕೂಲ್ ಹುಡುಗಿ, ನಮ್ಮ ಮನೆ ಮುಂದಿನ ರೋಡಲ್ಲಿ ತಲೆ ಮೇಲೆ ಬ್ಯಾಗ್ ಹೊತ್ಕೊಂಡು ಜನ ನಡ್ಕೊಂಡು ಹೋಗ್ತಿದ್ದಿದ್ದು ನೋಡಿದೀನಿ. ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ್ಮೇಲೆ ನಮ್ಮ ಸರ್ಕಾರ ಊರಿಗೆ ಹೋಗೋರ ರೈಲುಗಳನ್ನೇ ಕ್ಯಾನ್ಸಲ್ ಮಾಡಿ, ದೇಶ ಎಲ್ಲಾ ಉಗಿದ್ಮೇಲೆ ವಾಪಸ್ ಬಿಟ್ಟಿದ್ದು ನಿಮ್ಗೂ ನೆನಪಿರಬೇಕು. ಅವತ್ತು ಅಪ್ಪ ಪೇಪರ್ ಮಡಿಚಿಟ್ಟು "ಇವ್ರೇನು ಕಟ್ಟಿಹಾಕೋ ದನಾನಾ" ಅಂದಿದ್ದು ನನ್ ತಲೇಲಿ ಉಳ್ಕೊಂಡಿತ್ತು. ಜರ್ನಲಿಸಂ ಓದ್ತಿದ್ದೆ, ಕ್ಯಾಮೆರಾ ಹಿಡಿಯೋಕೆ ಬರುತ್ತೆ, ಇಂಥದ್ದು ಬಿಟ್ಟು ಇನ್ಯಾವುದು ಅಂತ ಎರಡು ಸಲ ಯೋಚನೆ ಮಾಡ್ದೆ ಸೇರ್ಕೊಂಡೆ.

ಆಫೀಸ್ ಅಂದ್ರೆ ಒಂದು ಮನೆ ಮೇಲಿನ ಫ್ಲೋರ್. ಲ್ಯಾಪ್‌ಟಾಪ್ ನಂದೇ, ಡೇಟಾ ನಂದೇ, ಕ್ಯಾಮೆರಾ ಮಾತ್ರ ಅವ್ರದ್ದು, ಕಾರ್ಡ್ ಸಂಜೆ ವಾಪಸ್ ಕೊಟ್ಟು ಎಲ್ಲಾ ಆಫೀಸ್ ಡ್ರೈವ್‌ಗೇ ಹಾಕ್ಬೇಕು. (ಈ ಕಾರ್ಡ್ ವಿಷಯ ನೆನಪಿಟ್ಕೊಳ್ಳಿ.) ಮೊದಲ ವಾರ ಟ್ರೈನಿಂಗ್ ಅಂತ ಕೂರ್ಸಿದ್ರು. ಕಾನೂನು ಹೇಳ್ಕೊಡ್ತಾರೆ ಅನ್ಕೊಂಡಿದ್ದೆ, ಹೇಳ್ಕೊಟ್ಟಿದ್ದು ಯಾವ ಟೈಮಲ್ಲಿ ರೀಲ್ ಹಾಕಿದ್ರೆ ರೀಚ್ ಜಾಸ್ತಿ, ಮೊದಲ ಮೂರು ಸೆಕೆಂಡಲ್ಲಿ ಮುಖ ಕಾಣ್ಬೇಕು, ಅದೂ ನಗ್ತಿರೋ ಮುಖ ಆಗಬಾರದು. ವಾರಕ್ಕೆ ಮೂರು "ಸ್ಟೋರಿ" ಟಾರ್ಗೆಟ್. ಮಕ್ಕಳಿದ್ರೆ ಇನ್ನೂ ಒಳ್ಳೇದು ಅಂದ್ರು ಮ್ಯಾನೇಜರ್ ಮೇಡಂ. ರಕ್ಷಣೆ ಬೇಕಿರೋ ಮಗುವಿನ ಗುರುತು ಗೊತ್ತಾಗೋ ಥರ ಫೋಟೋ ಹಾಕೋ ಹಂಗಿಲ್ಲ ಅಂತ 2015ರ ಬಾಲನ್ಯಾಯ ಕಾಯ್ದೆನೇ ಹೇಳುತ್ತೆ, ಮಕ್ಕಳ ಹಕ್ಕಿನ ಬಗ್ಗೆನೂ ಗೋಡೆ ಮೇಲೆ ಪೋಸ್ಟರ್ ಅಂಟಿಸ್ಕೊಂಡಿರೋ ಆಫೀಸಿಗೆ ಅದನ್ನ ಇಂಟರ್ನ್ ಹೇಳ್ಬೇಕಾಯ್ತು.

ನಂಗೆ ಮೊದಲು ಅನುಮಾನ ಬಂದಿದ್ದು ಭಾಷೆ ವಿಷಯದಲ್ಲಿ. ಹಾಕೋ ಪೋಸ್ಟೆಲ್ಲಾ ಇಂಗ್ಲಿಷಲ್ಲಿ. ಸೈಟ್ ಶೆಡ್‌ನಲ್ಲಿರೋ ಕಾರ್ಮಿಕರು ಒಡಿಯಾ, ಬಂಗಾಳಿ, ಹಿಂದಿ, ತೆಲುಗು, ಕನ್ನಡ ಮಾತಾಡೋರು, ಅವ್ರಲ್ಲಿ ಒಬ್ರೂ ಅದನ್ನ ಓದಲ್ಲ. ಅವ್ರಿಗೆ ಬೇಕಿದ್ದ ಮಾಹಿತಿ ತುಂಬಾ ಸಿಂಪಲ್ ರೀ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್‌ಗೆ 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರ್ಬೇಕು. ಆ ಮಂಡಳಿ ದುಡ್ಡು ಬರೋದು ಕಟ್ಟಡದ ಖರ್ಚಿನ ಮೇಲೆ ಹಾಕೋ 1 ಪರ್ಸೆಂಟ್ ಸೆಸ್‌ನಿಂದ, ಅಂದ್ರೆ ಅವ್ರು ಕಟ್ಟಿದ ಬಿಲ್ಡಿಂಗ್‌ನಿಂದಲೇ. ಊರಿನ ರೇಷನ್ ಕಾರ್ಡ್ ಆಧಾರ್‌ಗೆ ಲಿಂಕ್ ಇದ್ರೆ ಇಲ್ಲೇ ನ್ಯಾಯಬೆಲೆ ಅಂಗಡೀಲಿ ಅಕ್ಕಿ ತಗೋಬಹುದು. ಇದನ್ನ ಐದು ಭಾಷೇಲಿ ಒಂದೊಂದು ಆಡಿಯೋ ಮಾಡಿ ವಾಟ್ಸಾಪಲ್ಲಿ ಬಿಡೋಣ ಅಂದೆ, ಒಂದು ದಿನದ ಕೆಲಸ. "ನಮ್ಮ ಡೋನರ್ಸ್ ಕನ್ನಡ ಓದಲ್ಲ" ಅನ್ನೋ ಉತ್ತರ ಬಂತು. ಅವತ್ತೇ ಬಿಡ್ಬೇಕಿತ್ತು. ಬಿಡ್ಲಿಲ್ಲ, ಸರ್ಟಿಫಿಕೇಟ್ ಆಸೆ.

ಈಗ ಮುಖ್ಯ ವಿಷಯ. ವರ್ತೂರು ಕಡೆ ಒಂದು ಸೈಟ್ ಇತ್ತು, ಮೆಜೆಸ್ಟಿಕ್‌ನಿಂದ 335ಇ ಹಿಡಿದು ಕುಂದಲಹಳ್ಳಿ ಗೇಟ್‌ನಲ್ಲಿ ಇಳಿದು ಅಲ್ಲಿಂದ ಇನ್ನೊಂದು ಬಸ್ಸು. (ಶಕ್ತಿ ಯೋಜನೆಯಿಂದ ಬಸ್ ಫ್ರೀ, ಇಲ್ಲಾಂದ್ರೆ ಆ ಸ್ಟೈಪೆಂಡ್ ಬಸ್ಸಿಗೇ ಹೋಗ್ತಿತ್ತು. ಜೊತೇಲಿ ಬರ್ತಿದ್ದ ಒಡಿಶಾದ ಹೆಂಗಸ್ರು ಮಾತ್ರ ಟಿಕೆಟ್ ತಗೋಬೇಕು, ಆಧಾರಲ್ಲಿ ಕರ್ನಾಟಕದ ಅಡ್ರೆಸ್ ಇಲ್ವಲ್ಲ.) ಅಲ್ಲಿ ಶೀಟ್ ಮನೆಗಳ ಸಾಲಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ಕಡೆಯಿಂದ ಗುಳೆ ಬಂದ ಒಂದು ಸಂಸಾರ ಇತ್ತು. ಗಂಡ ಗಾರೆ ಕೆಲಸ, ದಿನಕ್ಕೆ 900, ಹೆಂಡತಿ ಹೆಲ್ಪರ್, 550. ಅಕ್ಕ ಅಂತಾನೇ ಕರೀತೀನಿ. ಮೇಸ್ತ್ರಿ ಏಳು ವಾರದಿಂದ ಬರೀ ಖರ್ಚಿಗೆ ಅಂತ ವಾರಕ್ಕೆ ಎರಡು ಸಾವಿರ ಕೊಟ್ಕೊಂಡು ಉಳಿದಿದ್ದು ಬಿಲ್ ಆಗ್ಲಿ ಬಿಲ್ ಆಗ್ಲಿ ಅಂತ ತಳ್ತಿದ್ದ. ಅಕ್ಕ ಓದಿಲ್ಲ, ಆದ್ರೆ ಲೆಕ್ಕ ಪಕ್ಕಾ. ಶೆಡ್ ಒಳಗಿನ ತಗಡಿನ ಮೇಲೆ ಇದ್ದಲಲ್ಲಿ ಗೆರೆ ಎಳೆದಿದ್ರು, ಗಂಡಂದು ಒಂದು ಸಾಲು, ತಮ್ಮದೊಂದು ಸಾಲು, ರಜಾ ಮಾಡಿದ ದಿನ ಸೊನ್ನೆ, ಖರ್ಚಿ ತಗೊಂಡ ದಿನ ಅಡ್ಡಗೆರೆ. ನಾನು ಕೂತು ಕೂಡಿಸಿದ್ರೆ ಖರ್ಚಿ ಕಳೆದು 46,900 ಬಾಕಿ. ಅಕ್ಕ ಬಾಯಲ್ಲಿ ಹೇಳಿದ್ದೂ ಅಷ್ಟೇ.

ಆ ತಗಡಿನದ್ದು ಮೂರು ಫೋಟೋ ತೆಗೆದೆ. ಆಮೇಲೆ ಅಕ್ಕಂದು ವಿಡಿಯೋ. ಕೇಸ್ ಫೈಲ್‌ಗೆ, ಲಾಯರ್‌ಗೆ ತೋರಿಸೋಕೆ ಮಾತ್ರ ಅಂತ ನಮ್ಮ ಮೇಡಂ ನಂಗೆ ಹೇಳಿದ್ರು, ನಾನು ಅದನ್ನೇ ಅಕ್ಕಂಗೆ ಹೇಳ್ದೆ. ಒಂದು ಫಾರ್ಮ್ ಇತ್ತು, ಪೂರ್ತಿ ಇಂಗ್ಲಿಷ್, ಎರಡು ಪೇಜ್. ಅಕ್ಕ "ಏನ್ ಬರ್ದೈತಿ ಯವ್ವಾ ಇದ್ರಾಗ" ಅಂತ ಕೇಳಿದ್ರು. ನಾನು ಪೂರ್ತಿ ಓದಿರ್ಲಿಲ್ಲ. "ಏನಿಲ್ಲ ಅಕ್ಕಾ, ವಿಡಿಯೋ ತಗೊಂಡಿದ್ದಕ್ಕೆ" ಅಂದೆ. ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು ನಾನೇ, ನನ್ನ ಕೈಯಲ್ಲಿದ್ದ ಇಂಕ್ ಪ್ಯಾಡಲ್ಲಿ. ಇದನ್ನ ಬರೆಯೋಕೆ ನಂಗೆ ಎಷ್ಟು ಕಷ್ಟ ಆಗ್ತಿದೆ ಅಂತ ಹೇಳೋಕಾಗಲ್ಲ, ಆದ್ರೆ ಇದನ್ನ ಬಿಟ್ಟು ಮಿಕ್ಕಿದ್ದು ಬರೆದ್ರೆ ಅದು ಮೋಸ.

ಮಾರ್ಚ್ ಕೊನೆ ವಾರ. ಡೊನೇಷನ್ ಸೀಸನ್, ಟ್ಯಾಕ್ಸ್ ಉಳಿಸೋಕೆ 80ಜಿ ರಸೀದಿ ಬೇಕಿರೋರು ಅವಾಗ್ಲೇ ದುಡ್ಡು ಹಾಕೋದು. ಶನಿವಾರ ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಅಕ್ಕನ ಮುಖ, ಹಿಂದೆ ಕ್ರೇನು, ಬಿಲ್ಡರ್ ಬೋರ್ಡು, ಕೆಳಗೆ ಪಿಟೀಲು ಮ್ಯೂಸಿಕ್ಕು. ವಿಡಿಯೋದಲ್ಲಿ ಅಕ್ಕ ಹೇಳಿದ್ದು ಇಷ್ಟು: "ಇಲ್ಲೇ ಸಿಕ್ಕೊಂಡ್ ಬಿದ್ದೀವಿ ನೋಡ್ ಯವ್ವಾ, ರೊಕ್ಕ ಕೈಗೆ ಬರೋತನ ಊರಿಗೆ ಹೋಗಾಕ ಆಗಂಗಿಲ್ಲ." ಅಂದ್ರೆ ಬಾಕಿ ಬಿಟ್ಟು ಹೋಗೋಕಾಗಲ್ಲ ಅಂತ. ಕೆಳಗೆ ಇಂಗ್ಲಿಷಲ್ಲಿ ಹಾಕಿದ್ದು ನಮ್ಮನ್ನ ಇಲ್ಲಿ ಜೀತಕ್ಕೆ ಇಟ್ಕೊಂಡಿದ್ದಾರೆ, ಹೊರಗೆ ಬಿಡ್ತಿಲ್ಲ ಅಂತ. ಬರೆದೋರಿಗೆ ಕನ್ನಡ ಬರಲ್ಲ, ಕನ್ನಡ ಬರೋ ನನ್ನನ್ನ ಒಂದು ಮಾತು ಕೇಳ್ಲಿಲ್ಲ.

ಜೀತ ಅನ್ನೋದು ಸುಮ್ನೆ ಎಫೆಕ್ಟ್‌ಗೆ ಹಾಕೋ ಪದ ಅಲ್ಲ. ಅದಕ್ಕೆ 1976ರ ಕಾಯ್ದೆ ಇದೆ, ಡಿಸಿ ಅಥವಾ ಎಸಿ ಕಡೆಯಿಂದ ವಿಚಾರಣೆ ಆಗ್ಬೇಕು, ನಿಜ ಆಗಿದ್ರೆ ಬಿಡುಗಡೆ ಪ್ರಮಾಣಪತ್ರ ಕೊಡ್ತಾರೆ, ಪುನರ್ವಸತಿ ಇರುತ್ತೆ. ಅದು ಜೀತನಾ ಅಲ್ವಾ ಅಂತ ನಿಜವಾಗ್ಲೂ ಅನುಮಾನ ಇದ್ದಿದ್ರೆ ಅರ್ಜಿ ಕೊಡ್ಬೇಕಿತ್ತು. ಅರ್ಜಿ ಇಲ್ಲ ಏನಿಲ್ಲ, ಡೊನೇಷನ್‌ಗೆ ಕ್ಯೂಆರ್ ಕೋಡ್ ಇತ್ತು.

ರೀಲ್ ಸೈಟ್ ಇಂಜಿನಿಯರ್‌ಗೆ ಹೋಯ್ತು, ಅವ್ನು ಮೇಸ್ತ್ರಿ ಮುಖಕ್ಕೆ ಹಿಡಿದ, ಸೋಮವಾರ ಮಧ್ಯಾಹ್ನ ಶೆಡ್ ಖಾಲಿ ಮಾಡಿ ಅಂದ್ರು. ಮಗು ಕರ್ಕೊಂಡು ಒಂದು ಗೋಣಿಚೀಲ ಎರಡು ಬಕೆಟ್ ಹಿಡ್ಕೊಂಡು ರೋಡಿಗೆ. ದುಡ್ಡು ಕೇಳಿದ್ದಕ್ಕೆ ಮೇಸ್ತ್ರಿ, ಹೋಗಿ ಆ ವಿಡಿಯೋದವ್ರ ಹತ್ರನೇ ಇಸ್ಕೋ ಅಂದ್ನಂತೆ. ಫೋನ್ ಬಂದಾಗ ನಾನು ಆಫೀಸಲ್ಲಿದ್ದೆ, ಅವತ್ತು ಬೆಳಿಗ್ಗೆ ಅದೇ ರೀಲ್‌ಗೆ 40 ಸಾವಿರ ವ್ಯೂಸ್ ಬಂತು ಅಂತ ಕೇಕ್ ತರ್ಸಿದ್ರು. ನಾನೂ ಒಂದು ಪೀಸ್ ತಿಂದಿದ್ದೆ.

ಮೇಡಂಗೆ ಹೇಳಿದ್ರೆ ಮೊದಲು ರೀಲ್ ಡಿಲೀಟ್ ಮಾಡಿದ್ರು, ಆಮೇಲೆ ಫೈಲ್ ತೆಗೆದು ಹೆಬ್ಬೆಟ್ಟಿನ ಫಾರ್ಮ್ ಟೇಬಲ್ ಮೇಲಿಟ್ರು. ಸಾಕ್ಷಿ ಜಾಗದಲ್ಲಿ ನನ್ನ ಸಹಿ. "ಕನ್ಸೆಂಟ್ ಎಕ್ಸ್‌ಪ್ಲೇನ್ ಮಾಡೋದು ನಿನ್ ಜವಾಬ್ದಾರಿ ಆಗಿತ್ತಲ್ವಾ ಪುಟ್ಟಾ" ಅಂದ್ರು. ಆ ಪುಟ್ಟಾ ಇವತ್ತಿಗೂ ಮೈ ಉರಿಸುತ್ತೆ. ಲಾಯರ್ ಎಲ್ಲಿ ಅಂದೆ. ಆ ಸಂಸಾರ ಪ್ರಾಜೆಕ್ಟ್ ಒಳಗೇ ಬರಲ್ವಂತೆ, ಯಾಕಂದ್ರೆ ಫಂಡ್ ಇರೋದು ಅಂತರರಾಜ್ಯ ವಲಸೆಗಾರರಿಗೆ. 1979ರ ವಲಸೆ ಕಾರ್ಮಿಕರ ಕಾಯ್ದೆನೂ ಬೇರೆ ರಾಜ್ಯದಿಂದ ಬಂದವ್ರಿಗೆ ಮಾತ್ರ, ಈಗ ಅದನ್ನ ಹೊಸ ಲೇಬರ್ ಕೋಡ್ ಒಳಗೆ ಸೇರಿಸಿದ್ರೂ ರಾಯಚೂರಿಂದ ಬಂದೋರು ಬೆಂಗಳೂರಲ್ಲಿ ಆ ಲೆಕ್ಕಕ್ಕೆ ಇಲ್ಲ. ಸರಿ ಸ್ವಾಮಿ, ಕೇಸಿಗೆ ಲೆಕ್ಕಕ್ಕಿಲ್ಲದ ಮುಖ ಡೊನೇಷನ್‌ಗೆ ಹೆಂಗೆ ಲೆಕ್ಕಕ್ಕೆ ಬಂತು?

ವಿಡಿಯೋದಿಂದ ಶೆಡ್ ಹೋಗೋದು ಈ ಊರಿಗೆ ಹೊಸದೂ ಅಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ರ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವ್ರು ಇದ್ದಾರೆ ಅಂತ ಒಂದು ವಿಡಿಯೋ ಓಡಾಡ್ತು, ಕೆಲವೇ ದಿನಕ್ಕೆ ಶೆಡ್‌ಗಳನ್ನ ನೆಲಸಮ ಮಾಡಿದ್ರು. ಅಲ್ಲಿ ಇದ್ದೋರಲ್ಲಿ ನಮ್ಮ ಉತ್ತರ ಕರ್ನಾಟಕದವ್ರೂ ಇದ್ರು. ಆಮೇಲೆ ಹೈಕೋರ್ಟ್ ಪೊಲೀಸ್ರಿಗೆ ಛೀಮಾರಿ ಹಾಕ್ತು. ಅದು ದ್ವೇಷಕ್ಕೆ ಮಾಡಿದ ವಿಡಿಯೋ, ಇದು ಕರುಣೆಗೆ ಮಾಡಿದ ವಿಡಿಯೋ, ಶೆಡ್‌ನಲ್ಲಿರೋರಿಗೆ ಆಗಿದ್ದು ಒಂದೇ.

ಸ್ಟೈಪೆಂಡ್ ಕಥೆ ಚಿಕ್ಕದು. ನಾನು ಬಿಡೋ ತನಕ ಇದ್ದ ನಾಲ್ಕು ತಿಂಗಳಲ್ಲಿ ಎರಡು ತಿಂಗಳದ್ದು ಬಂತು, ಇನ್ನೂ 16,000 ಬರಬೇಕು, ಕೇಳಿದ್ರೆ "ಪ್ಯಾಷನ್ ಇರೋರು ದುಡ್ಡಿನ ಬಗ್ಗೆ ಮಾತಾಡಲ್ಲ" ಅಂದ್ರು. ಆಫರ್ ಲೆಟರ್ ಕೊಟ್ಟಿರ್ಲಿಲ್ಲ, ಬರೀ ವಾಟ್ಸಾಪ್ ಮೆಸೇಜು. ಮೇಸ್ತ್ರಿನೂ ಹಿಂಗೇ ಬಿಲ್ ಆಗ್ಲಿ ಅಂತಿದ್ದ, ಅವ್ನು ಕೊನೇಪಕ್ಷ ಪ್ಯಾಷನ್ ಅಂತಿರ್ಲಿಲ್ಲ.

ಹಂಗಂತ ಇಂಥ ಕೆಲಸಕ್ಕೇ ಹೋಗ್ಬೇಡಿ ಅಂತಿಲ್ಲ. ಹೋಗೋ ಮುಂಚೆ ಅವ್ರ ಪೇಜ್ ಮೇಲಿಂದ ಕೆಳಗೆ ಒಂದ್ಸಲ ಸ್ಕ್ರೋಲ್ ಮಾಡಿ, ಕಾರ್ಮಿಕರ ಭಾಷೇಲಿ ಒಂದಾದ್ರೂ ಪೋಸ್ಟ್ ಇದ್ಯಾ, ಇಲ್ಲಾ ಬರೀ ಅಳೋ ಮುಖಗಳಾ ನೋಡಿ. ಅದೊಂದರಲ್ಲೇ ಅರ್ಧ ಗೊತ್ತಾಗುತ್ತೆ. ಹಿಂದಿನ ಬ್ಯಾಚ್ ಇಂಟರ್ನ್ಸ್ ಇಬ್ಬರ ನಂಬರ್ ಕೇಳಿ, ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಎದ್ದು ಬನ್ನಿ. ನಾನು ಸೇರೋವಾಗ ನೀತಿ ಆಯೋಗದ ದರ್ಪಣ್ ಪೋರ್ಟಲಲ್ಲಿ (ಎನ್‌ಜಿಒಗಳು ಹೆಸರು ನೋಂದಾಯಿಸೋ ಸರ್ಕಾರಿ ಸೈಟ್) ರಿಜಿಸ್ಟ್ರೇಷನ್ ಇದೆ ಅಂತ ನೋಡಿ ಸಮಾಧಾನ ಪಟ್ಕೊಂಡಿದ್ದೆ, ಅದು ಸಂಸ್ಥೆ ಇದೆ ಅಂತ ಹೇಳುತ್ತೆ ಅಷ್ಟೇ, ಹೆಂಗಿದೆ ಅಂತಲ್ಲ. ಸಂಬಳ ಬಾಕಿ ಅಂತ ಯಾರಾದ್ರೂ ನಿಮ್ಮ ಮುಂದೆ ಬಾಯಿ ಬಿಟ್ರೆ ಕ್ಯಾಮೆರಾ ತೆಗೆಯೋ ಮುಂಚೆ ಕಾರ್ಮಿಕ ಇಲಾಖೆ ಸಹಾಯವಾಣಿ 155214, ಕಾನೂನು ನೆರವಿಗೆ 15100, ಈ ಎರಡು ನಂಬರ್ ಅವ್ರ ಫೋನಲ್ಲಿ ಸೇವ್ ಮಾಡ್ಕೊಡಿ. ನಾನು ನಾಲ್ಕು ತಿಂಗಳಲ್ಲಿ ಅದನ್ನ ಒಬ್ಬರಿಗೂ ಮಾಡ್ಲಿಲ್ಲ.

ಮೇ ಕೊನೇಲಿ ಅಕ್ಕನ ಫೋನ್ ಬಂತು, ಬೇರೆ ನಂಬರಿಂದ. ಹೊಸಕೋಟೆ ಕಡೆ ಕೆಲಸ ಸಿಕ್ಕಿದೆಯಂತೆ. ನಾನು ತಪ್ಪಾಯ್ತು ಅಕ್ಕಾ ಅಂತ ಶುರು ಮಾಡಿದ್ರೆ "ಇರ್ಲಿ ಬಿಡ್ ಯವ್ವಾ, ನೀ ಅಳಬ್ಯಾಡ" ಅಂತ ನಂಗೇ ಸಮಾಧಾನ ಹೇಳಿದ್ರು, ಆಮೇಲೆ ಫೋನ್ ಮಾಡಿದ ಕಾರಣ ಹೇಳಿದ್ರು. ಅಲ್ಲಿ ಯೂನಿಯನ್‌ನವ್ರು ಒಬ್ರು ಸಿಕ್ಕಿದ್ದಾರೆ, ಲೇಬರ್ ಇನ್‌ಸ್ಪೆಕ್ಟರ್ ಹತ್ರ ಅರ್ಜಿ ಹಾಕಿಸ್ತಾರಂತೆ, ಹಾಜರಿಗೆ ಏನಾದ್ರೂ ಪುರಾವೆ ಇದ್ಯಾ ಅಂತ ಕೇಳಿದ್ದಾರೆ. "ಆ ತಗಡಿನ ಮ್ಯಾಲಿನ ಗೆರಿ ಫೋಟೋ ತಗದಿದ್ದೆಲ್ಲಾ, ಅದನ್ನ ಕಳಸ್ತೀಯೇನ್?"

ಆ ಮೂರು ಫೋಟೋ ಆಫೀಸ್ ಡ್ರೈವಲ್ಲಿದೆ. ಅದನ್ನ ಅವ್ರು ಯಾವತ್ತೂ ಪೋಸ್ಟ್ ಮಾಡ್ಲಿಲ್ಲ, ಅದರಲ್ಲಿ ಮುಖ ಇಲ್ವಲ್ಲ. ನಾನು ಕೆಲಸ ಬಿಟ್ಟ ದಿನವೇ ನನ್ನ ಆಕ್ಸೆಸ್ ತೆಗೆದ್ರು. ಮೂರು ಮೇಲ್ ಹಾಕಿದೀನಿ, ಒಂದ್ಸಲ ಆಫೀಸಿಗೂ ಹೋಗಿ ಬಂದೆ, ಮೇಡಂ ಮೀಟಿಂಗಲ್ಲಿದ್ರು. ಶೆಡ್‌ನ ತಗಡು ಬಿಚ್ಚಿ ಎಲ್ಲಿಗೆ ಸಾಗಿಸಿದ್ರೋ ಗೊತ್ತಿಲ್ಲ. ನೀವು ಎಲ್ಲೇ ಸೇರಿದ್ರೂ, ಯಾರದ್ದಾದ್ರೂ ಲೆಕ್ಕದ ಚೀಟಿನೋ ಹಾಜರಿ ಪುಸ್ತಕನೋ ಫೋಟೋ ತೆಗೆದ್ರೆ, ಅಲ್ಲೇ ನಿಂತ್ಕೊಂಡು ಮೊದಲು ಅವ್ರ ವಾಟ್ಸಾಪ್‌ಗೆ ಕಳ್ಸಿ, ಬಂತಾ ಅಂತ ಕೇಳಿ, ಆಮೇಲೆ ಬೇಕಾದ್ರೆ ಡ್ರೈವ್‌ಗೆ ಹಾಕಿ.