ಮೇಲಿನ ಮನೆ ಬಾಡಿಗೆಗೆ ಕೊಟ್ಟವರು ಟ್ಯಾಕ್ಸ್ ಲೆಕ್ಕಕ್ಕೆ ಇಲ್ಲಿಗೆ ಹೋಗಿ

ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲಿನದನ್ನು ತಿಂಗಳಿಗೆ 8,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಹೋದ ವರ್ಷದವರೆಗೆ ಬೇರೆಯವರೊಬ್ಬರ ಹತ್ತಿರ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಹಾಕಿಸುತ್ತಿದ್ದೆ. ಅವರು ಏನನ್ನೂ ಕೇಳದೆ, ಬಾಡಿಗೆಯಲ್ಲಿ ಕಾನೂನಿನಲ್ಲೇ ಬಿಟ್ಟಿರುವ 30 ಪರ್ಸೆಂಟ್ ಕಳೆದು ಉಳಿದದ್ದಕ್ಕೆಲ್ಲ ಟ್ಯಾಕ್ಸ್ ಲೆಕ್ಕ ಹಾಕಿ ಕಳಿಸುತ್ತಿದ್ದರು. ಈ ಸಲ ದುರ್ಗಿಗುಡಿಯಲ್ಲಿ ರಿಟರ್ನ್ಸ್ ಹಾಕಿಕೊಡುವ ಈ ಆಫೀಸಿಗೆ ಹೋದೆ.

ಅಲ್ಲಿನ ಮೇಡಂ ಮೊದಲು ಕೇಳಿದ್ದೇ "ಮನೆ ಸಾಲ ಇದೆಯಾ ಸಾರ್?" ಅಂತ. ಇದೆ, ವರ್ಷಕ್ಕೆ ಬಡ್ಡಿಯೇ 1,20,000. ಆದರೆ ನಾನಿರುವುದು ಹೊಸ ತೆರಿಗೆ ಪದ್ಧತಿಯಲ್ಲಿ, ಅದರಲ್ಲಿ ಮನೆ ಸಾಲದ ಬಡ್ಡಿ ಕಳೆಯುವ ಹಾಗಿಲ್ಲ ಅಂತಲೇ ಇಷ್ಟು ದಿನ ನಂಬಿದ್ದೆ. ಕಳೆಯುವ ಹಾಗಿಲ್ಲದ್ದು ನಾವೇ ವಾಸ ಇರುವ ಭಾಗದ ಬಡ್ಡಿ ಮಾತ್ರವಂತೆ. ಬಾಡಿಗೆಗೆ ಕೊಟ್ಟ ಭಾಗದ್ದನ್ನು ಆ ಬಾಡಿಗೆಯಲ್ಲಿ ಕಳೆಯಬಹುದು!

ಒಂದು ಹಾಳೆ ತೆಗೆದು ನಮ್ಮ ಮನೆಯನ್ನು ಎರಡು ಚೌಕವಾಗಿ ಬರೆದರು. ಕೆಳಗೂ ಮೇಲೂ ಒಂದೇ ಅಳತೆ, ಸಾಲವೂ ಇಡೀ ಮನೆಗೆ ಒಂದೇ, ಹಾಗಾಗಿ ಎಲ್ಲವೂ ಅರ್ಧ ಅರ್ಧ. ವರ್ಷದ ಬಾಡಿಗೆ 96,000. ಪಾಲಿಕೆಗೆ ನಾನು ಕಟ್ಟಿದ ಕಂದಾಯ 6,000, ಅದರಲ್ಲಿ ಮೇಲಿನ ಮನೆಯ ಪಾಲು 3,000 ತೆಗೆದರೆ 93,000. ಅದರ 30 ಪರ್ಸೆಂಟ್, ಅಂದರೆ 27,900 ಹೋದರೆ 65,100. ಅದರಲ್ಲಿ ಅರ್ಧ ಬಡ್ಡಿ 60,000 ಕಳೆದರೆ ಉಳಿದದ್ದು ಬರೀ 5,100. ಆ ಹಾಳೆಯನ್ನು ಕೇಳಿ ಇಸ್ಕೊಂಡು ಬಂದು ಬೀರುವಿನಲ್ಲಿ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಮಳೆಗಾಲಕ್ಕೆ ಮೊದಲು ತಾರಸಿ ಸೋರದ ಹಾಗೆ ಮಾಡಿಸಿ, ಮೇಲಿನ ಮನೆಯ ಗೋಡೆಗೆ ಹಿಡಿದ ಪಾಚಿ ಉಜ್ಜಿಸಿ ಬಣ್ಣ ಹೊಡೆಸಿದ್ದೆ, 40,000ದ ಮೇಲೆ ಖರ್ಚಾಗಿತ್ತು, ಆ ಬಿಲ್ಲುಗಳನ್ನೆಲ್ಲ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಗೊಂಡು ಹೋಗಿದ್ದೆ. ಒಂದೊಂದನ್ನೂ ನೋಡಿ ವಾಪಸ್ ಕೊಟ್ಟರು. "ರಿಪೇರಿ, ಪೇಂಟು ಎಲ್ಲ ಆ 30 ಪರ್ಸೆಂಟಲ್ಲೇ ಬಂತು ಸಾರ್. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅಷ್ಟೇ, ಲಕ್ಷ ಮಾಡಿದರೂ ಅಷ್ಟೇ" ಅಂದರು. ಮಲೆನಾಡಿನ ಮಳೆಗೆ ವರ್ಷಾ ವರ್ಷಾ ಮನೆ ಮೇಲೆ ದುಡ್ಡು ಸುರಿಯುವವರಿಗೆ ಇದು ಬೇಜಾರಿನ ಮಾತೇ, ಅಲ್ವಾ? ಆದರೂ ಹೇಗೋ ಸೇರಿಸಿಬಿಡೋಣ ಅನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ನನಗೆ ನಂಬಿಕೆ ಬಂದಿದ್ದೇ ಅಲ್ಲಿ.

ಫೀಸು 1,500. ಮೊದಲಿನವರಿಗಿಂತ ಜಾಸ್ತಿ, ಆದರೆ ಕೊಡಬಹುದು. ಆಫೀಸಿನ ಮೆಟ್ಟಿಲು ತುಂಬಾ ಕಡಿದಾಗಿದೆ, ಮಂಡಿ ನೋವಿನವರನ್ನು ಕರ್ಕೊಂಡು ಹೋಗಬೇಡಿ. ರಿಟರ್ನ್ಸ್ ಹಾಕುವ ಕೊನೆ ದಿನ ಜುಲೈ 31 ಹತ್ತಿರ ಬಂದ ಹಾಗೆ ಕೂರಲೂ ಜಾಗ ಇರುವುದಿಲ್ಲ, ನಾನು ಎರಡು ಗಂಟೆ ಕಾದೆ. ಜೂನ್‌ನಲ್ಲೇ ಹೋಗಿ. ಬ್ಯಾಂಕಿನಿಂದ ಬಡ್ಡಿಯ ಸರ್ಟಿಫಿಕೇಟು, ಆ ವರ್ಷ ಕಂದಾಯ ಕಟ್ಟಿದ ರಸೀದಿ, ಬಾಡಿಗೆ ಅಗ್ರಿಮೆಂಟು, ಇಷ್ಟು ಕೈಯಲ್ಲಿರಲಿ. ರಸೀದಿ ಇಲ್ಲದಿದ್ದರೆ ಕಂದಾಯವನ್ನು ಅವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ.