ಎಟಿಮಾನ್‌ಲೈನ್: ‘ನೈಸ್’ ಪದದ ಹಳೇ ಅರ್ಥಗಳಿಗೆ ಒಳ್ಳೆ ಜಾಲತಾಣ

ದಾವಣಗೆರೆಯಲ್ಲಿ ದೋಸೆ ಹಿಟ್ಟು ನೈಸಾಗಿ ರುಬ್ಬುತ್ತಾರೆ, ಕೆಲಸ ಆಗಬೇಕಾದವರು ಸಾಹೇಬರಿಗೆ ನೈಸ್ ಮಾಡುತ್ತಾರೆ. ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ಆ ಪದಕ್ಕೆ ‘ಚೆನ್ನಾಗಿರುವ’ ಎಂಬ ಒಂದೇ ಅರ್ಥ. ಹಳೆಯ ಇಂಗ್ಲಿಷ್ ಪಠ್ಯ ಓದುವ ಇಲ್ಲಿನ ಬಿ.ಎ., ಎಂ.ಎ. ವಿದ್ಯಾರ್ಥಿಗಳಿಗೆ ಅಷ್ಟು ಸಾಲದು. ಇಂಗ್ಲಿಷ್ ಪದಗಳ ಮೂಲ, ಚರಿತ್ರೆ ತಿಳಿಸುವ, ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮಾನ್‌ಲೈನ್ ಅವರ ಮೊಬೈಲಿನಲ್ಲಿ ಇರಲೇಬೇಕು. ಬ್ರೌಸರಿನಲ್ಲಿ ಓದಲು ದುಡ್ಡು ಕೊಡಬೇಕಿಲ್ಲ.

‘ನೈಸ್’ ಹುಡುಕಿ ನೋಡಿ. ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಏನೂ ಅರಿಯದ. ಫ್ರೆಂಚ್ ದಾಟಿ 13ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ‘ದಡ್ಡ’. ಮುಂದಿನ ಶತಮಾನದ ಕೊನೆಗೆ ‘ಎಲ್ಲದಕ್ಕೂ ಕೊಂಕು ತೆಗೆಯುವ’, 1400ರ ಸುಮಾರಿಗೆ ‘ನಾಜೂಕಾದ’, 1500ರ ಈಚೆಗೆ ‘ಕರಾರುವಾಕ್ಕಾದ’, 1769ಕ್ಕೆ ‘ಹಿತವಾದ’, 1830ಕ್ಕೆ ‘ದಯೆಯುಳ್ಳ’. ಬೈಗುಳವೊಂದು ಹೊಗಳಿಕೆಯಾದ ದಾರಿ ಇಷ್ಟು ಚೊಕ್ಕವಾಗಿ ಒಂದೇ ಪ್ಯಾರಾದಲ್ಲಿ ಸಿಗುವುದು ಅಪರೂಪ. ನಮ್ಮ ‘ನೈಸಾಗಿ ರುಬ್ಬು’ ಆ ‘ನಾಜೂಕಾದ’ ಅರ್ಥದ ಹತ್ತಿರ ಸುಳಿಯುತ್ತದೆ, ಆದರೆ ಅಲ್ಲಿಂದಲೇ ಬಂತು ಎಂದು ಅಸೈನ್‌ಮೆಂಟಿನಲ್ಲಿ ಬರೆಯಬೇಡಿ.

ಬಹುತೇಕರು ಎಡವುವುದು ಇಸವಿ ಓದುವಾಗ. ‘ಸಿ.’ ಅಕ್ಷರ ಅಂಕಿಗೆ ಮೊದಲು ಬಂದರೆ ‘ಸುಮಾರು’, ಅಂಕಿಯಾದ ಮೇಲೆ ಬಂದರೆ ‘ಶತಮಾನ’. ‘14ಸಿ.’ ಅಂದರೆ 1301ರಿಂದ 1400ರವರೆಗೆ. ಇದನ್ನು 1400ರ ನಂತರದ್ದೆಂದು ಓದಿದರೆ ಲೆಕ್ಕ ನೂರು ವರ್ಷ ತಪ್ಪುತ್ತದೆ. ಜತೆಗೆ, ಆ ಇಸವಿ ಉಳಿದಿರುವ ಮೊದಲ ಬರಹದ್ದು. ಬಾಯಿಮಾತಿನಲ್ಲಿ ಪದ ಅದಕ್ಕೂ ಮೊದಲೇ ಓಡಾಡಿರಬಹುದು.

ಇನ್ನೊಂದು ಎಚ್ಚರ ‘ಸೆಟ್’ ತರಹದ ಪದಗಳಿಗೆ. ‘ಇಡು’ ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನದೇ. ಸೆಟ್ ದೋಸೆಯ ‘ಸೆಟ್’, ಅಂದರೆ ಗುಂಪು, ಫ್ರೆಂಚಿನಿಂದ ಬಂದದ್ದು. ಎರಡಕ್ಕೂ ಬೇರೆ ಬೇರೆ ನಮೂದುಗಳಿವೆ. ಮೊದಲು ಕಂಡದ್ದನ್ನೇ ಒತ್ತಿ ಹೊರಟರೆ ತಪ್ಪು ಚರಿತ್ರೆ ಓದಿರುತ್ತೀರಿ.

ದೊಡ್ಡ ಕೊರತೆ ಒಂದಿದೆ: ಹಳೆಯ ಬರಹಗಳಿಂದ ಎತ್ತಿದ ಉದಾಹರಣೆ ವಾಕ್ಯಗಳು ಕಡಿಮೆ. 16, 17ನೇ ಶತಮಾನದ ಲೇಖಕ ‘ನೈಸ್’ ಎಂದಾಗ ಯಾವ ಅರ್ಥ ಎಂದು ಹೇಳುವುದೇ ಕಷ್ಟವೆಂದು ತಾಣವೇ ಎಚ್ಚರಿಸುತ್ತದೆ. ಹಾಗಾಗಿ ಇಸವಿ ನೋಡಿ ಅರ್ಥ ಆರಿಸಬೇಡಿ, ಒಂದೊಂದನ್ನೂ ವಾಕ್ಯದೊಳಗೆ ಕೂರಿಸಿ ನೋಡಿ. ಅಷ್ಟಕ್ಕೂ ಬಗೆಹರಿಯದಿದ್ದರೆ ಲೈಬ್ರರಿಯಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಕೇಳಿ. 1989ರ 20 ಸಂಪುಟಗಳ ಆವೃತ್ತಿಯಲ್ಲಿ ಪ್ರತಿ ಅರ್ಥದ ಕೆಳಗೂ ಇಸವಿ ಪ್ರಕಾರ ಉದಾಹರಣೆಗಳಿವೆ.