ಕೈ ಸ್ಯಾಂಡರ್ ಎಷ್ಟು ಬಾಳುತ್ತದೆ ಎಂಬುದನ್ನು ಅಂಗಡಿಯಲ್ಲೇ ಅಳೆಯುವ ಬಗೆ

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಿಗೆ ಸ್ಯಾಂಡರ್, ಅಂದರೆ ಉಜ್ಜುವ ಪೇಪರ್‌ನಿಂದ ಮರವನ್ನು ನುಣುಪು ಮಾಡುವ ಯಂತ್ರ, ಕೊಳ್ಳಲು ಬರುವ ಬಡಿಗೇರರು ಮೊದಲು ವಾಟ್ ಕೇಳುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಈ ಎರಡರಿಂದಲೂ ಯಂತ್ರದ ಬಾಳಿಕೆ ತಿಳಿಯುವುದಿಲ್ಲ. ಸ್ಯಾಂಡರ್ ತಾನೇ ಎಬ್ಬಿಸಿದ ದೂಳಿನಲ್ಲಿ ದಿನವಿಡೀ ಓಡಬೇಕಾದ ಯಂತ್ರ. ಆ ದೂಳು ಬೇರಿಂಗ್, ಸ್ವಿಚ್ಚು ಮತ್ತು ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಮುಟ್ಟದಂತೆ ತಯಾರಕರು ಎಷ್ಟು ಎಚ್ಚರ ವಹಿಸಿದ್ದಾರೆ ಎಂಬುದರ ಮೇಲೆಯೇ ಅದರ ಆಯುಷ್ಯ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದಾಂಡೇಲಿ ಕಡೆಯ ಸಾಗವಾನಿಯಲ್ಲಿ ಬಾಗಿಲು, ಚೌಕಟ್ಟು ಮಾಡುವ ನಮ್ಮ ಭಾಗದ ವರ್ಕ್‌ಶಾಪ್‌ಗಳಿಗೆ ಇದು ಇನ್ನೂ ಮುಖ್ಯ. ಸಾಗವಾನಿಯಲ್ಲಿ ಎಣ್ಣೆಯಂಶದ ಜೊತೆಗೆ ಮರಳಿನಲ್ಲಿರುವಂಥ ಸಿಲಿಕಾ ಕೂಡ ಇರುವುದರಿಂದ, ಅದರ ದೂಳು ಗ್ರೀಸಿಗೆ ಸೇರಿತೆಂದರೆ ಬೇರಿಂಗನ್ನೇ ಅರೆಯತೊಡಗುತ್ತದೆ. ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್‌ನಲ್ಲಿ ಪೇಪರ್ ಅಂಟಿಸುವ ದುಂಡು ತಳ, ಅಂದರೆ ಪ್ಯಾಡ್, ತಿರುಗುತ್ತಲೇ ಸಣ್ಣ ಸುತ್ತುಗಳಲ್ಲಿ ಅಲುಗುತ್ತದೆ; ಅದು ಮೋಟಾರಿನ ಶಾಫ್ಟಿನ ನಟ್ಟನಡುವೆ ಇರದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಯಂತ್ರದ ಭಾರ, ಕೈಯ ಒತ್ತಡ, ತಿರುಗಾಟದ ಎಳೆತ ಎಲ್ಲವೂ ಅಲ್ಲಿರುವ ಬೇರಿಂಗಿನ ಮೇಲೆಯೇ ಬೀಳುತ್ತವೆ. ಅದು ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್ ಆಗಿರಬೇಕು. ಬರೀ ತಗಡಿನ ಮುಚ್ಚಳದ ಬೇರಿಂಗ್ ಬೇರೆ ಯಂತ್ರಗಳಿಗೆ ಸಾಕಾದೀತು, ಸ್ಯಾಂಡರ್‌ಗೆ ಸಾಲದು.

ಯಂತ್ರ ಬಿಚ್ಚದೆಯೇ ಇದರ ಅಂದಾಜು ಸಿಗುತ್ತದೆ. ಪ್ಲಗ್ ಹಾಕದೆ ಪ್ಯಾಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟಕ್ ಎಂದು ಆಡಿದರೆ ಅಂಥದನ್ನು ಅಲ್ಲೇ ಬಿಡುವುದು ಒಳ್ಳೆಯದು. ನಿಧಾನವಾಗಿ ತಿರುಗಿಸಿದಾಗ ಎಲ್ಲೂ ಕರಕರ ಅನ್ನಬಾರದು. ಬಳಿಕ ಚಾಲೂ ಮಾಡಿ, ಹಲಗೆಯ ಮೇಲೆ ಇಟ್ಟು ಮೇಲೆತ್ತಿ ನೋಡಬೇಕು: ಎತ್ತಿದ ಕೂಡಲೇ ಪ್ಯಾಡ್ ಗಿರ್ರನೆ ವೇಗ ಹಿಡಿದರೆ ಅದನ್ನು ತಡೆಯುವ ಬ್ರೇಕ್ ರಿಂಗ್ ಇಲ್ಲ, ಅಥವಾ ಇದ್ದೂ ಕೆಲಸ ಮಾಡುತ್ತಿಲ್ಲ ಎಂದರ್ಥ. ಹಾಗೆ ವೇಗ ಹಿಡಿದ ಪ್ಯಾಡ್ ಮರಕ್ಕೆ ತಾಗಿದಾಗ ಬೀಳುವ ಸುರುಳಿ ಗೀರುಗಳು ಪಾಲಿಶ್ ಹಚ್ಚಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ.

ವಾಟ್ ಕಡಿಮೆಯಿದ್ದರೂ ಬಾಳುವ ಯಂತ್ರಕ್ಕೆ ಬಾಷ್ ಜಿಇಎಕ್ಸ್ 125-1 ಎಇ ಒಳ್ಳೆಯ ಉದಾಹರಣೆ. 250 ವಾಟ್, 125 ಮಿಲಿಮೀಟರ್ ಪ್ಯಾಡ್, ತೂಕ ಸುಮಾರು 1.3 ಕಿಲೋ, ವೇಗವನ್ನು ನಿಮಿಷಕ್ಕೆ 7,500ರಿಂದ 12,000 ಸುತ್ತುಗಳ ನಡುವೆ ಬದಲಿಸಬಹುದು. ಪ್ಯಾಡಿನ ರಂಧ್ರಗಳ ಮೂಲಕ ದೂಳನ್ನು ಹಿಂದಿನ ಫಿಲ್ಟರ್ ಡಬ್ಬಿಗೆ ತಳ್ಳುವ ವ್ಯವಸ್ಥೆಯನ್ನು ನಾನು ಬಹಳ ಮೆಚ್ಚುತ್ತೇನೆ. ಆದರೆ ಪೇಪರ್ ಅಂಟಿಸುವಾಗ ಅದರ ರಂಧ್ರಗಳು ಪ್ಯಾಡಿನ ರಂಧ್ರಗಳಿಗೆ ಸರಿಯಾಗಿ ಕೂಡದಿದ್ದರೆ ಈ ವ್ಯವಸ್ಥೆಯೆಲ್ಲ ವ್ಯರ್ಥ, ಮತ್ತು ಡಬ್ಬಿಯನ್ನು ತುಂಬುವ ಮೊದಲೇ ಖಾಲಿ ಮಾಡುತ್ತಿರಬೇಕು. ದಿನವಿಡೀ ಕೆಲಸವಿರುವವರು ವ್ಯಾಕ್ಯೂಮ್ ಪೈಪ್ ಜೋಡಿಸಿಕೊಳ್ಳುವುದು ಯಂತ್ರಕ್ಕೂ ಒಳ್ಳೆಯದು, ಕೆಲಸಗಾರರ ಶ್ವಾಸಕೋಶಕ್ಕೂ ಒಳ್ಳೆಯದು.

ನಮ್ಮ ವರ್ಕ್‌ಶಾಪ್‌ಗೆ ಬಂದ, ಪೆಟ್ಟಿಗೆಯ ಮೇಲೆ ಇದಕ್ಕಿಂತ ಬಹಳ ಹೆಚ್ಚು ವಾಟ್ ಬರೆದಿದ್ದ ಒಂದು ಅಗ್ಗದ ಯಂತ್ರವನ್ನು ಬಿಚ್ಚಿದಾಗ, ಸ್ವಿಚ್ಚಿಗೆ ರಬ್ಬರ್ ಹೊದಿಕೆಯೇ ಇರಲಿಲ್ಲ. ಒಳಗೆಲ್ಲ ದೂಳು ಗಟ್ಟಿಯಾಗಿ ಕೂತು ಸ್ವಿಚ್ಚಿನ ಸಂಪರ್ಕ ಸುಟ್ಟಿತ್ತು. ಕೇಬಲ್ ಒಳಹೋಗುವ ಜಾಗದ ರಬ್ಬರ್ ತೋಳು ಗಿಡ್ಡವಾಗಿದ್ದುದರಿಂದ ತಂತಿ ಅಲ್ಲಿಯೇ ಮಡಚಿ ಸೀಳಿತ್ತು. ಕಾರ್ಬನ್ ಬ್ರಷ್ ಬದಲಿಸಲೂ ಇಡೀ ಬಾಡಿ ಬಿಚ್ಚಬೇಕಾಗಿತ್ತು, ಮತ್ತು ಪ್ಲಾಸ್ಟಿಕ್ಕಿಗೇ ನೇರವಾಗಿ ಕೊರೆದು ಕೂತ ಸ್ಕ್ರೂಗಳು ಮತ್ತೆ ಹಾಕಿದಾಗ ಹಿಡಿತ ಕೊಡಲಿಲ್ಲ. ಮೋಟಾರಿನ ಸುರುಳಿ ಮಾತ್ರ ಚೆನ್ನಾಗಿಯೇ ಇತ್ತು.

ಚೌಕ ಪೇಪರ್ ಹಾಕುವ ಶೀಟ್ ಸ್ಯಾಂಡರ್‌ನಲ್ಲಿ ಪೇಪರ್ ಹಿಡಿಯುವ ಕ್ಲಿಪ್ಪಿನ ಸ್ಪ್ರಿಂಗ್ ಮತ್ತು ತಳವನ್ನು ಹೊತ್ತ ರಬ್ಬರ್ ಕಾಲುಗಳನ್ನು ನೋಡಿದರೆ ಸಾಕು. ರೋಲರ್‌ಗಳ ಮೇಲೆ ಉಜ್ಜುವ ಪಟ್ಟಿಯನ್ನು ಓಡಿಸುವ ಬೆಲ್ಟ್ ಸ್ಯಾಂಡರ್ ಬೇರೆಯೇ ಲೆಕ್ಕ. ಮಕಿಟಾ 9403ರಂಥ 1,200 ವಾಟಿನ, 100×610 ಮಿಲಿಮೀಟರ್ ಬೆಲ್ಟ್ ಹಾಕುವ ಯಂತ್ರಕ್ಕೆ ಶಕ್ತಿ ನಿಜಕ್ಕೂ ಬೇಕು. ಅಲ್ಲಿ ರೋಲರ್‌ಗಳು ಸಮಾನಾಂತರವಾಗಿವೆಯೇ, ಬೆಲ್ಟನ್ನು ನಡುವಿಗೆ ತರುವ ತಿರುಪು ಒಮ್ಮೆ ಹೊಂದಿಸಿದರೆ ಅಲ್ಲೇ ನಿಲ್ಲುತ್ತದೆಯೇ ಎಂಬುದನ್ನು ಚಾಲೂ ಮಾಡಿಯೇ ಪರೀಕ್ಷಿಸಬೇಕು.

ಒಳ್ಳೆಯ ಯಂತ್ರವನ್ನೂ ಒತ್ತಿ ಉಜ್ಜುವ ಅಭ್ಯಾಸ ಕೆಡಿಸುತ್ತದೆ. ಅತಿಯಾಗಿ ಒತ್ತಿದರೆ ಪ್ಯಾಡಿನ ವೆಲ್‌ಕ್ರೋ ಮುಳ್ಳುಗಳು ಬಿಸಿಗೆ ಕರಗಿ ಪೇಪರ್ ಹಾರತೊಡಗುತ್ತದೆ, ಮೋಟಾರಿನ ವೇಗ ಇಳಿದು ಅದರ ಫ್ಯಾನ್ ಗಾಳಿಯೂ ಕಡಿಮೆಯಾಗಿ ಮೋಟಾರು ಕಾಯುತ್ತದೆ. ವೋಲ್ಟೇಜ್ ಇಳಿದಾಗ ದುಡಿಸಿದರೂ ಮೋಟಾರಿಗೆ ಇದೇ ಗತಿ. ಸವೆಯುವ ಭಾಗಗಳಾದ ಪ್ಯಾಡ್, ಬ್ರೇಕ್ ರಿಂಗ್, ಕಾರ್ಬನ್ ಬ್ರಷ್ ಎಂಥ ಯಂತ್ರದಲ್ಲೂ ಒಂದು ದಿನ ಮುಗಿಯುವಂಥವೇ. ಆದ್ದರಿಂದ ಬಿಲ್ ಮಾಡಿಸುವ ಮೊದಲು ಅಂಗಡಿಯವರಿಗೆ ಆ ಮಾಡೆಲ್ಲಿನ ಪ್ಯಾಡನ್ನು ಕಪಾಟಿನಿಂದ ತೆಗೆದು ತೋರಿಸಲು ಹೇಳಿ. ತರಿಸಿಕೊಡುತ್ತೇವೆ ಎಂಬ ಉತ್ತರ ಬಂದರೆ ಬೇರೆ ಮಾಡೆಲ್ ನೋಡಿ.